ಜಡ್ಡು, ಆರಾಮ, ಗುಣ

(ಬಾನುಲಿ ಭಾಷಣದ ಬರಹರೂಪ)

ಮೈಗೆ ಬೇನೆ ಬಂದ ಮನುಷ್ಯನಿಗೆ ಔಷಧಕ್ಕಿಂತ ಮುಂಚೆ ಮಾತು ಬೇಕಾಗುತ್ತದೆ. ಎಲ್ಲಿ ನೋವು, ಎಂಥ ನೋವು, ಎಂದಿನಿಂದ ನೋವು ಎಂಬುದನ್ನು ಅವನು ಹೇಳಬೇಕು. ಇನ್ನೊಬ್ಬರು ಕೇಳಿ ಅರ್ಥಮಾಡಿಕೊಳ್ಳಬೇಕು. ಆಮೇಲೆ ನಾಡಿ, ಆಮೇಲೆ ರಕ್ತಪರೀಕ್ಷೆ, ಆಮೇಲೆ ಗುಳಿಗೆ. ಈ ಮೊದಲ ಹೆಜ್ಜೆಯೇ ತಪ್ಪಿದರೆ ಮುಂದಿನ ಹೆಜ್ಜೆಗಳು ದಾರಿ ತಪ್ಪುವುದು ಸಹಜ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಜನ ತಮ್ಮ ಜಡ್ಡುಜಾಪತ್ತುಗಳನ್ನು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತಾರೆ, ಅವುಗಳ ನಡುವೆ ಇಂಗ್ಲಿಷ್ ಮಾತುಗಳು ಹೇಗೆ ಬಂದು ಕುಳಿತಿವೆ, ಅದರಿಂದ ಆದ ಲಾಭವೇನು, ನಷ್ಟವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಈ ಸೀಮೆ ಮಾತಿನ ಮಟ್ಟಿಗೆ ಒಂದು ದೊಡ್ಡ ಸಂತೆ. ಸೇಡಂ ಮತ್ತು ಚಿಂಚೋಳಿಗಳ ಮೂಡಣ ಗಡಿಗೆ ತೆಲುಗು ಹತ್ತಿಕೊಂಡಿದೆ. ತಾಂಡಾಗಳಲ್ಲಿ ಲಂಬಾಣಿ ಇದೆ. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ, ರಾಯಚೂರು, ಸಿಕಂದರಾಬಾದುಗಳ ರೈಲುದಾರಿಗಳು ಕೂಡುತ್ತವೆ. ದಾರಿಗಳೊಡನೆ ಭಾಷೆಗಳೂ ಕೂಡುತ್ತವೆ. ಎಲ್ಲಕ್ಕೂ ಮಿಗಿಲಾಗಿ, 1948ರ ಸೆಪ್ಟೆಂಬರಿನವರೆಗೆ ಇದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ನಾಡು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ವೈದ್ಯಶಾಸ್ತ್ರವನ್ನೂ ಅಲ್ಲಿ ಉರ್ದುವಿನಲ್ಲಿ ಕಲಿಸಿದ್ದುಂಟು. ಪಾಶ್ಚಾತ್ಯ ವೈದ್ಯವನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸಿದ ಆ ಪ್ರಯತ್ನವನ್ನು ನಾವು ಇಂದು ಮರೆತಿದ್ದರೂ ಅದರ ನೆರಳು ನಮ್ಮ ನಾಲಗೆಯ ಮೇಲೆ ಉಳಿದಿದೆ. ಹಳೆ ಮೈಸೂರಿನವರು ‘ಆಸ್ಪತ್ರೆ’ ಎಂದರೆ ನಮ್ಮವರು ‘ದವಾಖಾನಿ’ ಎನ್ನುತ್ತಾರೆ. ಅವರು ‘ಮೈ ಹುಷಾರಿಲ್ಲ’ ಎಂದರೆ ನಮ್ಮವರು ‘ಆರಾಮಿಲ್ಲ’ ಎನ್ನುತ್ತಾರೆ, ‘ತಬಿಯತ್ ಸುದ್ದ ಇಲ್ಲ’ ಎನ್ನುತ್ತಾರೆ, ಅಪ್ಪಟ ದೇಸಿಯಲ್ಲಿ ‘ಜಡ್ಡಾಗ್ಯಾದ’ ಎನ್ನುತ್ತಾರೆ.

ಈ ಮೂರು ಮಾತುಗಳನ್ನು ಬಿಡಿಸಿ ನೋಡುವುದು ಸ್ವಾರಸ್ಯದ ಕೆಲಸ. ‘ಜಡ್ಡು’ ಎಂಬುದು ‘ಜಾಡ್ಯ’ದ ತದ್ಭವ, ಮೈ ಜಡವಾಗಿದೆ, ಚಲನೆ ಕುಂದಿದೆ ಎಂಬುದು ಅದರ ಒಡಲಲ್ಲಿರುವ ಅರ್ಥ. ‘ತಬಿಯತ್ತು’ ಅರಬ್ಬಿಯಿಂದ ಬಂದದ್ದು. ಪ್ರಕೃತಿ, ಸ್ವಭಾವ ಎಂದು ಅದರ ಅರ್ಥ. ಯುನಾನಿ ಹಕೀಮರ ಶಾಸ್ತ್ರದಲ್ಲಿ ದೇಹವನ್ನು ಒಳಗಿನಿಂದ ಕಾಪಾಡುವ ಶಕ್ತಿಗೆ ಇದೇ ಹೆಸರು. ‘ತಬಿಯತ್ ಹೆಂಗದ?’ ಎಂದು ನಾವು ಕೇಳುವಾಗ, ‘ನಿಮ್ಮ ಒಳಗಿನ ಪ್ರಕೃತಿ ತನ್ನ ಕೆಲಸ ಮಾಡುತ್ತಿದೆಯೆ?’ ಎಂದೇ ಕೇಳಿದ ಹಾಗಾಯಿತು. ಇನ್ನು ‘ಆರಾಮ’ ಪಾರಸಿಯ ಮಾತು; ನೆಮ್ಮದಿ, ವಿಶ್ರಾಂತಿ. ಆರಾಮಿಲ್ಲ ಎಂದರೆ ನೆಮ್ಮದಿ ಇಲ್ಲ. ಇಂಗ್ಲಿಷಿನ ‘ಡಿಸೀಸ್’ ಎಂಬ ಪದದ ಹುಟ್ಟೂ ಇದೇ ಬಗೆಯದು. ಹಳೆಯ ಫ್ರೆಂಚಿನಿಂದ ಬಂದ ಆ ಪದದಲ್ಲಿ ‘ಈಸ್’ ಎಂದರೆ ನೆಮ್ಮದಿ, ‘ಡಿಸ್’ ಎಂದರೆ ಇಲ್ಲದಿರುವಿಕೆ. ಚಿಂಚೋಳಿಯ ಅಜ್ಜಿ ‘ಆರಾಮಿಲ್ಲೋ ಯಪ್ಪಾ’ ಎಂದಾಗ, ತನಗರಿವಿಲ್ಲದೆಯೇ ‘ಡಿಸೀಸ್’ ಪದವನ್ನು ಅಕ್ಷರಶಃ ಕನ್ನಡಿಸಿರುತ್ತಾಳೆ. ನಮ್ಮ ಸಂಸ್ಕೃತ ಪದ ‘ಸ್ವಾಸ್ಥ್ಯ’ವೂ ಹೀಗೆಯೇ: ತನ್ನಲ್ಲಿ ತಾನು ನಿಂತಿರುವುದು.

ಇಂಗ್ಲಿಷರು ದಿನಬಳಕೆಯಲ್ಲಿ ಬೇನೆಯನ್ನು ಹೇಳಿಕೊಳ್ಳುವ ರೀತಿಯೂ ಹಳೆಯ ನಂಬಿಕೆಗಳಿಂದ ತುಂಬಿದೆ. ಮೈ ಸ್ವಲ್ಪ ಕೆಟ್ಟರೆ ಅವರು ‘ಅಂಡರ್ ದಿ ವೆದರ್’ ಎನ್ನುತ್ತಾರೆ. ಹವೆಯ ಕೆಳಗೆ ಸಿಕ್ಕಿಬಿದ್ದೆ ಎಂದಂತೆ. ಮಳೆ ಮೋಡಗಳ ನಾಡಿನವರಿಗೆ ಅದು ಸಹಜ. ದಣಿವು ಹೆಚ್ಚಾದರೆ ‘ರನ್ ಡೌನ್’. ಕೀಲಿ ಕೊಡದ ಗಡಿಯಾರ ನಿಂತುಹೋದ ಹಾಗೆ. ಚೇತರಿಸಿಕೊಳ್ಳುತ್ತಿದ್ದರೆ ‘ಆನ್ ದಿ ಮೆಂಡ್’. ಹರಿದ ಬಟ್ಟೆಗೆ ಹೊಲಿಗೆ ಬೀಳುತ್ತಿರುವಂತೆ. ‘ಇನ್‌ಫ್ಲುಯೆಂಜಾ’ ಇಟಲಿಯ ಮಾತು, ‘ಪ್ರಭಾವ’ ಎಂದರ್ಥ. ನಕ್ಷತ್ರಗಳ ಪ್ರಭಾವದಿಂದ ಜ್ವರ ಬರುತ್ತದೆಂಬ ನಂಬಿಕೆಯ ಕುರುಹು. ‘ಮಲೇರಿಯಾ’ ಎಂದರೆ ಕೆಟ್ಟ ಗಾಳಿ. ಸೊಳ್ಳೆಯ ಪಾತ್ರ 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಮಾಡಿದ ಪ್ರಯೋಗಗಳಿಂದ ತಿಳಿದುಬಂದ ಮೇಲೂ ಹೆಸರು ಮಾತ್ರ ಬದಲಾಗಲಿಲ್ಲ. ನಮ್ಮ ಹಳ್ಳಿಯವರು ‘ಗಾಳಿ ಸೋಕ್ಯಾದ’ ಎಂದರೆ ನಗುವ ವಿದ್ಯಾವಂತರು, ‘ಮಲೇರಿಯಾ’ ಎನ್ನುವಾಗ ತಾವೂ ಅದನ್ನೇ ಹೇಳುತ್ತಿದ್ದೇವೆಂದು ನೆನೆಯುವುದಿಲ್ಲ.

ಗ್ರೀಕರ ವೈದ್ಯದಲ್ಲಿ ದೇಹದ ನಾಲ್ಕು ದ್ರವಗಳ ಬೆರಕೆ ಸಮವಾಗಿದ್ದರೆ ಆರೋಗ್ಯ, ಕೆಟ್ಟರೆ ರೋಗ ಎಂಬ ತತ್ತ್ವವಿತ್ತು. ಆ ಬೆರಕೆಯನ್ನು ಲ್ಯಾಟಿನ್ನಿನ ಮೂಲಕ ಇಂಗ್ಲಿಷರು ‘ಟೆಂಪರ್’ ಎಂದರು. ಅರಬ್ಬರ ಮೂಲಕ ನಮ್ಮ ಹಕೀಮರು ‘ಮಿಜಾಜ್’ ಎಂದರು. ಇಂದು ಇಂಗ್ಲಿಷಿನಲ್ಲಿ ಟೆಂಪರ್ ಎಂದರೆ ಸಿಟ್ಟು. ನಮ್ಮಲ್ಲಿ ‘ಮಿಜಾಸು ಮಾಡ್ತಾನ’ ಎಂದರೆ ಧಿಮಾಕು. ಒಂದೇ ತಾಯಿಯ ಎರಡು ಮಕ್ಕಳು ಬೇರೆ ಬೇರೆ ಊರಲ್ಲಿ ಬೆಳೆದು ಒಂದೇ ಬಗೆಯ ದುರ್ಗುಣ ಕಲಿತಂತೆ.

ಶಬ್ದಗಳನ್ನು ಬಿಟ್ಟು ವಾಕ್ಯಕ್ಕೆ ಬಂದರೆ ವ್ಯತ್ಯಾಸ ಇನ್ನೂ ಆಳವಾಗಿದೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಫೀವರ್’ ಎಂದು ಜ್ವರದ ಒಡೆತನವನ್ನು ರೋಗಿಗೇ ಕೊಡುತ್ತಾರೆ. ನೆಗಡಿಯನ್ನು ಅವರು ತಾವೇ ಹಿಡಿಯುತ್ತಾರೆ: ‘ಐ ಕಾಟ್ ಎ ಕೋಲ್ಡ್’. ಕನ್ನಡದಲ್ಲಿ ನೆಗಡಿಯೇ ನಮ್ಮನ್ನು ಹಿಡಿಯುತ್ತದೆ. ಜ್ವರ ನಮಗೆ ‘ಬರುತ್ತದೆ’, ಕೆಲದಿನ ಇದ್ದು ‘ಬಿಡುತ್ತದೆ’. ರೋಗಿ ಕರ್ತೃವಲ್ಲ, ಚತುರ್ಥಿ ವಿಭಕ್ತಿಯಲ್ಲಿ ನಿಂತವನು: ‘ನನಗೆ’. ನಮ್ಮ ಸೀಮೆಯಲ್ಲಂತೂ ಜ್ವರ ಒಂಟಿಯಾಗಿ ಬರುವುದಿಲ್ಲ. ‘ಜ್ವರ ಬಂದಾವ’ ಎಂದು ಬಹುವಚನದಲ್ಲಿ ಬರುತ್ತದೆ. ಕಣ್ಣಿನ ಉರಿಯೂತಕ್ಕೆ ‘ಕಣ್ಣು ಬಂದಾವ’. ಸಿಡುಬಿಗೆ ‘ತಾಯಿ ಬಂದಾಳ’. ಬಂದದ್ದು ಹೋಗಲೇಬೇಕು ಎಂಬ ಭರವಸೆ ಈ ಕ್ರಿಯಾಪದದಲ್ಲಿಯೇ ಇದೆ.

ಆದುದರಿಂದಲೇ ಈಚಿನ ಕೆಲವು ಅರ್ಜಿ, ಕರಪತ್ರಗಳಲ್ಲಿ ‘ನೀವು ಜ್ವರವನ್ನು ಹೊಂದಿದ್ದೀರಾ?’ ಎಂಬ ಪ್ರಶ್ನೆಯನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹೊಲ ಹೊಂದಬಹುದು, ಮನೆ ಹೊಂದಬಹುದು. ಜ್ವರವನ್ನು ಹೊಂದುವುದು ಯಾವ ಕನ್ನಡ? ‘ಜ್ವರ ಬಂದಿದೆಯೆ?’ ಎಂದರೆ ಅಕ್ಷರ ಬಾರದ ಕೂಲಿಯವನಿಗೂ ತಿಳಿಯುತ್ತದೆ. ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದೊಡನೆ ಸಂಸ್ಕೃತವನ್ನು ಎಲ್ಲಿ ಬೆರಸಬಹುದು, ಎಲ್ಲಿ ಬೆರಸಿದರೆ ರುಚಿಗೆಡುತ್ತದೆ ಎಂದು ಚರ್ಚಿಸಿತು. ಉಗ್ರಾದಿತ್ಯನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ಕ್ಕೂ ನೃಪತುಂಗನ ಸಭೆಯ ನಂಟಿದೆ. ಪೂಜ್ಯಪಾದರ ಅದೇ ಹೆಸರಿನ ಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದನು. ವೈದ್ಯವನ್ನು ಕನ್ನಡದಲ್ಲಿ ಹೇಳಬಹುದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಉತ್ತರ ಕೊಟ್ಟು ಎಂಟುನೂರು ವರ್ಷಗಳಾದುವು.

ಹಾಗೆಂದು ಇಂಗ್ಲಿಷ್ ಮಾತುಗಳನ್ನೆಲ್ಲ ಹೊರಗಟ್ಟಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕೆಲವು ಒಳ್ಳೆಯ ಕೆಲಸವನ್ನೇ ಮಾಡಿವೆ. ನಾಚಿಕೆಯಿಂದ ಬಾಯಿ ಕಟ್ಟಿದಲ್ಲಿ ಪರಭಾಷೆಯ ಮಾತು ತೆರೆಯಂತೆ ನಿಲ್ಲುತ್ತದೆ. ‘ಹೊರಗಾದಳು’, ‘ಹೊರಕಡಿಗಿ ಹೋದ’ ಎಂದು ನಮ್ಮ ಹಿರಿಯರೂ ಮರೆಮಾತುಗಳನ್ನು ಮಾಡಿಕೊಂಡಿದ್ದರಷ್ಟೆ. ಇಂದಿನ ಹುಡುಗಿ ‘ಪೀರಿಯಡ್ಸ್’ ಎನ್ನುತ್ತಾಳೆ, ಮುದುಕರು ‘ಮೋಷನ್’ ಎನ್ನುತ್ತಾರೆ. ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳಿಗೆ ಅದನ್ನು ಹೇಳಿಕೊಳ್ಳಲು ಯಾವ ಭಾಷೆಯ ಮಾತು ಧೈರ್ಯ ಕೊಡುತ್ತದೆಯೋ ಆ ಮಾತೇ ಅವಳಿಗೆ ತಾಯಿನುಡಿ. ವಾಡಿಯ ರೈಲ್ವೆಯವರು ‘ಸಿಕ್ ಆಗ್ಯಾರ, ಸೋಮವಾರ ಫಿಟ್ ಆಗ್ತಾರ’ ಎನ್ನುವುದರಲ್ಲಿಯೂ ಕೊಂಕು ಹುಡುಕಬೇಕಾಗಿಲ್ಲ. ಆ ಎರಡು ಪದಗಳ ಹಿಂದೆ ರಜೆಯ ನಿಯಮ, ಸಂಬಳದ ಲೆಕ್ಕ, ಡಾಕ್ಟರರ ಸಹಿ ಎಲ್ಲವೂ ಇವೆ.

ತೊಡಕು ಬರುವುದು ಇಂಗ್ಲಿಷ್ ಪದವೊಂದು ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಾಗ. ಆಡುವವನ ಅರ್ಥವೊಂದು, ಕೇಳುವವನ ಅರ್ಥವೊಂದು ಆದಾಗ. ‘ಆಪರೇಷನ್’ ಎಂಬ ಪದವನ್ನು ತೆಗೆದುಕೊಳ್ಳಿ. ಕುಟುಂಬ ಯೋಜನೆಯ ಶಿಬಿರಗಳು ನಡೆದ ಕಾಲದಿಂದ ನಮ್ಮ ಹಳ್ಳಿಯ ಹೆಂಗಸರಿಗೆ ಆಪರೇಷನ್ ಎಂದರೆ ಸಂತಾನಶಸ್ತ್ರಕ್ರಿಯೆ ಮಾತ್ರ. ಡಾಕ್ಟರು ‘ಹಿಂದೆ ಆಪರೇಷನ್ ಆಗಿದೆಯೇನಮ್ಮ?’ ಎಂದು ಕೇಳಿದರೆ, ಹೊಟ್ಟೆ ಕೊಯ್ದು ಕರುಳಿನ ಚಿಕಿತ್ಸೆ ಮಾಡಿಸಿಕೊಂಡವಳೂ ‘ಇಲ್ರಿ, ಇನ್ನಾ ಮಾಡಿಸಿಲ್ಲ’ ಎಂದು ತಲೆ ತಗ್ಗಿಸಬಹುದು. ಪ್ರಶ್ನೆ ಸರಿ, ಉತ್ತರವೂ ಸರಿ. ನಡುವೆ ಅರ್ಥ ಕಳೆದುಹೋಗಿದೆ. ‘ಹೊಟ್ಟಿ ಕೊಯ್ದಾರೇನವ್ವಾ?’ ಎಂದು ಕೇಳಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

‘ಬಿ.ಪಿ. ಅದ’ ಎಂಬುದು ಇನ್ನೊಂದು. ರಕ್ತದ ಒತ್ತಡ ಇಲ್ಲದ ಜೀವಿಯುಂಟೆ? ನಮ್ಮ ಜನ ಹೇಳುವುದು ಅದು ಏರಿದೆ ಎಂಬ ಅರ್ಥದಲ್ಲಿ. ‘ಶುಗರ್ ಅದ’ ಎಂಬುದೂ ಹಾಗೆಯೇ. ಮಧುಮೇಹವನ್ನು ಸಕ್ಕರೆಯ ಹೆಸರಿನಿಂದ ಕರೆದುದರ ಪರಿಣಾಮವಾಗಿ, ಚಹಾಕ್ಕೆ ಸಕ್ಕರೆ ಬಿಟ್ಟರೆ ಪಥ್ಯ ಮುಗಿಯಿತೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಸಪ್ಪಗಿನ ಚಹಾ ಕುಡಿದು, ಅದರ ಹಿಂದೆಯೇ ತಾಟು ತುಂಬ ಅನ್ನ ಉಣ್ಣುತ್ತಾರೆ. ಅನ್ನವಾಗಲಿ ರೊಟ್ಟಿಯಾಗಲಿ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುವಾಗ ಸಕ್ಕರೆಯ ರೂಪವನ್ನೇ ತಾಳುತ್ತದೆ ಎಂಬುದನ್ನು ‘ಶುಗರ್’ ಎಂಬ ಪದ ಮರೆಮಾಡಿಬಿಟ್ಟಿದೆ.

‘ಪಾಸಿಟಿವ್’ ಎಂಬ ಮಾತಿನ ಕಥೆಯನ್ನು ನಾವೆಲ್ಲ ಬಲ್ಲೆವು. ಕೊರೋನಾದಿಂದ ಭಾರತದಲ್ಲಿ ದಾಖಲಾದ ಮೊದಲ ಸಾವು 2020ರ ಮಾರ್ಚಿನಲ್ಲಿ ಸಂಭವಿಸಿದ್ದು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಆ ತಿಂಗಳುಗಳಲ್ಲಿ ಕ್ವಾರಂಟೈನ್, ಐಸೊಲೇಷನ್, ಪಾಸಿಟಿವ್, ನೆಗೆಟಿವ್ ಎಂಬ ಪದಗಳು ಮಳೆಗಾಲದ ಹುಳುಗಳಂತೆ ಮನೆಮನೆಗೆ ನುಗ್ಗಿದವು. ಬಾಳಿನಲ್ಲಿ ಪಾಸಿಟಿವ್ ಆಗಿರಬೇಕೆಂದು ಭಾಷಣಗಳಲ್ಲಿ ಕೇಳಿದ್ದ ಹುಡುಗರು, ಪಾಸಿಟಿವ್ ಬಂದರೆ ಅಳಬೇಕೆಂಬುದನ್ನು ಅಂದು ಕಲಿತರು. ‘ರೋಗ ಕಂಡಿದೆ’, ‘ರೋಗ ಕಂಡಿಲ್ಲ’ ಎಂಬ ಎರಡು ಸರಳ ವಾಕ್ಯಗಳು ನಮ್ಮಲ್ಲಿದ್ದುವು. ಅವನ್ನು ಬಳಸಲು ಯಾರಿಗೂ ಹೊಳೆಯಲಿಲ್ಲ.

ಸಾವಿನ ಸುದ್ದಿಯಲ್ಲಿಯೂ ಇಂಗ್ಲಿಷಿಗೆ ಒಂದು ಪಾತ್ರವುಂಟು. ತಂತಿಯ ಕಾಲದಲ್ಲಿ ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯಟ್ಲಿ’ ಎಂದು ಬಂದರೆ ಮನೆಯ ಹಿರಿಯರು ಸುಮ್ಮನೆ ಪಂಚೆ ಉಟ್ಟು ಹೊರಡುತ್ತಿದ್ದರು. ‘ಸೀರಿಯಸ್’ ಎಂಬುದು ಎಷ್ಟೋ ಸಲ ‘ತೀರಿಕೊಂಡರು’ ಎಂಬುದರ ಮೃದುರೂಪ ಎಂದು ಎಲ್ಲರಿಗೂ ಗೊತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಫೋನಿನಲ್ಲಿ ಆ ಪದ ಇನ್ನೂ ಅದೇ ಕರುಣೆಯ ಕೆಲಸ ಮಾಡುತ್ತಿದೆ. ‘ಎಕ್ಸ್‌ಪೈರ್ ಆದರು’ ಎಂಬುದರ ಮೂಲಾರ್ಥ ‘ಉಸಿರು ಹೊರಬಿಟ್ಟರು’. ನಮ್ಮ ‘ಕೊನೆಯುಸಿರೆಳೆದರು’ ಎಂಬುದರ ನೆರೆಯ ಮಾತು. ಅದೇ ಪದ ಔಷಧದ ಸೀಸೆಯ ಮೇಲೂ ಇರುವುದರಿಂದ ಕಿವಿಗೆ ಮಾತ್ರ ಕಟುವಾಗಿ ಕೇಳಿಸುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಬಹಳ ಕಳವಳ ತರುವ ಪದವೆಂದರೆ ‘ಗ್ಯಾಸ್’. ನಮ್ಮ ಆಡುಮಾತಿನಲ್ಲಿ ನೋವಿಗೆ ಒಂದೇ ಕ್ರಿಯಾಪದವಿಲ್ಲ. ಹೊಟ್ಟೆ ಕಡಿಯುತ್ತದೆ, ನುಲಿಯುತ್ತದೆ, ಚುಚ್ಚುತ್ತದೆ, ಉಬ್ಬರಿಸುತ್ತದೆ, ಝಾಡಿಸುತ್ತದೆ. ತಲೆ ನೋಯುತ್ತದೆ, ಸಿಡಿಯುತ್ತದೆ, ಭಾರವಾಗುತ್ತದೆ, ತಿರುಗುತ್ತದೆ. ಕೈಕಾಲು ಹರಿಯುತ್ತವೆ, ಸೇದುತ್ತವೆ, ಜೋಮು ಹಿಡಿಯುತ್ತವೆ. ಎದೆ ಉರಿಯುತ್ತದೆ, ಒತ್ತುತ್ತದೆ, ಹಿಡಿಯುತ್ತದೆ, ಹೊಡೆದುಕೊಳ್ಳುತ್ತದೆ. ಪ್ರತಿಯೊಂದು ಬೇರೆ ನೋವು. ಕಿವಿಯುಳ್ಳ ವೈದ್ಯನಿಗೆ ಪ್ರತಿಯೊಂದೂ ಬೇರೆ ಸೂಚನೆ. ‘ಗ್ಯಾಸ್ ಆಗ್ಯಾದ’ ಎಂದೊಡನೆ ಈ ಸಂಪತ್ತೆಲ್ಲ ಒಂದೇ ಏಟಿಗೆ ಮಾಯವಾಗುತ್ತದೆ. ಎದೆಯ ನಡುವೆ ಕಲ್ಲಿಟ್ಟಂತೆ ಒತ್ತಡ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಇವು ಹೃದಯಾಘಾತದ ಲಕ್ಷಣಗಳು. ಅದನ್ನು ‘ಗ್ಯಾಸ್’ ಎಂದು ಕರೆದು, ಸೋಡಾ ಕುಡಿದು, ಬೆಳಗಿನವರೆಗೆ ನೋಡೋಣವೆಂದು ಮಲಗಿದವರು ನನ್ನ ಬಳಗದಲ್ಲಿಯೂ ಇದ್ದರು. ಅವರಲ್ಲಿ ಕೆಲವರು ಬೆಳಗನ್ನು ಕಾಣಲಿಲ್ಲ. ಇಂಗ್ಲಿಷರೂ ಈ ಗೊಂದಲಕ್ಕೆ ಹೊರತಾಗಿಲ್ಲ. ಹೊಟ್ಟೆಯ ಹುಳಿ ಮೇಲೇರಿ ಆಗುವ ಉರಿಗೆ ಅವರು ‘ಹಾರ್ಟ್‌ಬರ್ನ್’ ಎಂದು ಹೆಸರಿಟ್ಟಿದ್ದಾರೆ. ಅದಕ್ಕೂ ಹೃದಯಕ್ಕೂ ಸಂಬಂಧವಿಲ್ಲ. ಅವರು ಹೊಟ್ಟೆಯ ಬೇನೆಗೆ ಹೃದಯದ ಹೆಸರಿಟ್ಟರು. ನಾವು ಹೃದಯದ ಬೇನೆಗೆ ಹೊಟ್ಟೆಯ ಹೆಸರಿಟ್ಟೆವು. ಅವರ ತಪ್ಪಿನಿಂದ ಭಯ ಹೆಚ್ಚಬಹುದು. ನಮ್ಮ ತಪ್ಪಿನಿಂದ ಪ್ರಾಣ ಹೋಗಬಹುದು.

ಶಹಾಬಾದದ ಫರ್ಸಿ ಕಲ್ಲು ದೂರದೂರದ ಮನೆಗಳಿಗೆ ನೆಲವಾಗಿದೆ. ವಾಡಿ, ಸೇಡಂಗಳ ಸಿಮೆಂಟು ಊರೂರುಗಳಿಗೆ ಗೋಡೆಯಾಗಿದೆ. ಗಣಿಯಲ್ಲಿ ಕಲ್ಲು ಕೊಯ್ಯುವವನು ‘ದಮ್ಮು ಹತ್ತತದ, ಧೂಳು ಎದ್ಯಾಗ ಕುಂತದ’ ಎನ್ನುತ್ತಾನೆ. ಅವನ ವಾಕ್ಯದಲ್ಲಿ ಬೇನೆಯೂ ಇದೆ, ಬೇನೆಯ ಕಾರಣವೂ ಇದೆ. ಅದನ್ನು ಚೀಟಿಯಲ್ಲಿ ‘ಅಲರ್ಜಿ’ ಎಂದು ಬರೆದುಬಿಟ್ಟರೆ ಧೂಳು ಬಿಟ್ಟುಹೋಗಿ, ಬೇನೆಯ ಹೊಣೆ ಅವನ ಮೈಯ ಮೇಲೆಯೇ ಉಳಿಯುತ್ತದೆ. ಎಷ್ಟು ವರ್ಷ ಧೂಳಿನಲ್ಲಿ ದುಡಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೊನೆಯದಾಗಿ, ಈ ಭಾಷಣದ ತಲೆಬರಹಕ್ಕೆ ಬರುತ್ತೇನೆ. ನಮ್ಮ ಮಾತಿನಲ್ಲಿ ‘ಆರಾಮಾತು’ ಎಂಬುದು ಬೇರೆ, ‘ಗುಣಾತು’ ಎಂಬುದು ಬೇರೆ. ಆರಾಮ ಎಂಬುದು ರೋಗಿಯ ಅನುಭವ. ಗುಣ ಎಂಬುದು ರೋಗದ ನಿವೃತ್ತಿ. ಈ ಎರಡರ ನಡುವಣ ಅಂತರ ಕ್ಷಯರೋಗದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ರಾಬರ್ಟ್ ಕಾಕ್ 1882ರಲ್ಲಿ ಆ ರೋಗದ ಕ್ರಿಮಿಯನ್ನು ತೋರಿಸಿಕೊಟ್ಟನು. ಇಂದು ಅದಕ್ಕೆ ಒಳ್ಳೆಯ ಔಷಧಗಳಿವೆ. ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಸಾಮಾನ್ಯವಾಗಿ ಆರು ತಿಂಗಳ ಕಾಲ ಬಿಡದೆ ನುಂಗಬೇಕು. ಕೆಲವು ವಾರಗಳಲ್ಲಿಯೇ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವು ಮರಳುತ್ತದೆ. ರೋಗಿ ‘ಆರಾಮಾಗ್ಯಾದ’ ಎಂದು ಗುಳಿಗೆ ಬಿಟ್ಟು, ಮುಂಬಯಿಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾನೆ. ಉಳಿದ ಕ್ರಿಮಿಗಳು ಮತ್ತೆ ಬೆಳೆಯುತ್ತವೆ. ಈ ಸಲ ಹಳೆಯ ಔಷಧಕ್ಕೆ ಬಗ್ಗದಂತೆ ಬೆಳೆಯಬಹುದು. ‘ಕೋರ್ಸ್ ಕಂಪ್ಲೀಟ್ ಮಾಡಬೇಕು’ ಎಂದು ಅವನಿಗೆ ಹೇಳಿರುತ್ತಾರೆ. ಆ ಮಾತು ಅವನ ಒಳಗೆ ಇಳಿದಿರುವುದಿಲ್ಲ. ‘ಯಪ್ಪಾ, ನಿನಗ ಆರಾಮಾಗ್ಯಾದ ಖರೆ, ಜಡ್ಡು ಇನ್ನಾ ಗುಣ ಆಗಿಲ್ಲ’ ಎಂದು ಅವನ ಮಾತಿನಲ್ಲಿಯೇ ಹೇಳಿದರೆ ಇಳಿಯುತ್ತದೆ. ಬೇಕಾದ ಭೇದವನ್ನು ಅವನ ಅಜ್ಜಿಯೇ ಮಾಡಿಟ್ಟಿದ್ದಾಳೆ. ನಾವು ಅದನ್ನು ಎತ್ತಿ ಬಳಸಿದರೆ ಸಾಕು.

ಕನ್ನಡದಲ್ಲಿ ವೈದ್ಯ ಹೇಳಿದವರ ದೊಡ್ಡ ಪರಂಪರೆ ನಮಗಿದೆ. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ, ವೈದ್ಯಪದಗಳಿಗೆ ಕೋಶವನ್ನೇ ಕಟ್ಟಿದ ಡಾ. ಡಿ. ಎಸ್. ಶಿವಪ್ಪ ಮೊದಲಾದವರು ಪುಸ್ತಕದ ಕನ್ನಡವನ್ನು ಸಿದ್ಧಮಾಡಿಕೊಟ್ಟರು. ಇನ್ನು ಆಗಬೇಕಾದದ್ದು ಸೀಮೆಸೀಮೆಯ ಆಡುಮಾತಿನ ಕೆಲಸ. ನಮ್ಮ ಜಿಲ್ಲೆಯ ವೈದ್ಯಕಾಲೇಜುಗಳಿಗೆ ದೂರದ ಊರುಗಳಿಂದ ತರುಣ ತರುಣಿಯರು ಕಲಿಯಲು ಬರುತ್ತಾರೆ. ಅವರಿಗೆ ಎಲುಬುಗಳ ಹೆಸರನ್ನು ಕಲಿಸುವುದರೊಡನೆ, ಕಡಿ, ನುಲಿ, ಒತ್ತು, ಉರಿ, ಹರಿ ಎಂಬ ಇಪ್ಪತ್ತು ಮೂವತ್ತು ಕ್ರಿಯಾಪದಗಳನ್ನು ಯಾರಾದರೂ ಒಂದು ಸಂಜೆ ಕೂತು ಕಲಿಸಬಾರದೆ? ಊರಿನ ಉಪಾಧ್ಯಾಯರು, ಆಶಾ ಕಾರ್ಯಕರ್ತೆಯರು, ಹಳೆಯ ಸೂಲಗಿತ್ತಿಯರು ಸೇರಿ ಅಂಥದೊಂದು ಚಿಕ್ಕ ಪಟ್ಟಿಯನ್ನು ಮಾಡುವುದು ಕಷ್ಟವಲ್ಲ. ಕೇಳುಗರಲ್ಲಿಯೂ ಒಂದು ಬಿನ್ನಹ: ದವಾಖಾನೆಗೆ ಹೋದಾಗ ಇಂಗ್ಲಿಷ್ ಹೆಸರನ್ನು ನೀವೇ ಹುಡುಕಿ ಕೊಡಲು ಹೋಗಬೇಡಿ. ಹೆಸರಿಡುವುದು ವೈದ್ಯರ ಕೆಲಸ. ಮೈ ಹೇಗೆ ನೋಯುತ್ತಿದೆಯೋ ಹಾಗೆ, ಮನೆಯಲ್ಲಿ ತಾಯಿಯ ಮುಂದೆ ಹೇಳುವ ಮಾತಿನಲ್ಲಿಯೇ ಹೇಳಿರಿ. ಅವರಿಗೆ ತಿಳಿಯದಿದ್ದರೆ ಕೈಯಿಂದ ತೋರಿಸಿ ಇನ್ನೊಮ್ಮೆ ಹೇಳಿರಿ.